ಜೀಪಿನ ಎಂಜಿನ್ನಿಗೆ ಸುರಿದ ಬಾಟಲಿ

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹಿಂದೆ ಒಬ್ಬ ಮೆಕ್ಯಾನಿಕ್ ಇದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕೇಳುತ್ತಿದ್ದರು. ಯಾರು ಏನೇ ಕೇಳಿದರೂ "ತಡೀರಿ, ಅದಾ ಹೇಳತೈತಿ" ಎನ್ನುತ್ತಿದ್ದರು. ಎಂ.ಎಸ್ಸಿ. ಮುಗಿಸಿ ಬಂದಿದ್ದ ನನಗೆ ಇದೆಲ್ಲ ನಾಟಕ ಅನ್ನಿಸುತ್ತಿತ್ತು.

ನಾಲ್ಕು ವರ್ಷ ನಿಂತೇ ಇದ್ದ ನಮ್ಮ ಡೀಸೆಲ್ ಜೀಪನ್ನು ಅಣ್ಣ ಬಾಡಿಗೆಗೆ ಓಡಿಸಬೇಕೆಂದಿದ್ದ. ಅವನಿಗೆ ಬೇರೆ ಉದ್ಯೋಗವಿರಲಿಲ್ಲ. ನಾನು ದಾವಣಗೆರೆಯಿಂದ ಎಂಜಿನ್ ಒಳಗಿನ ಜಿಡ್ಡು ಕರಗಿಸುವ ದ್ರವ ತಂದು, ಅವನಿಗೆ ಹೇಳದೆ ಇಡೀ ಬಾಟಲಿಯನ್ನು ಹಳೆಯ ಆಯಿಲ್‌ಗೆ ಸುರಿದೆ. ಅರ್ಧ ಗಂಟೆ ಓಡಿಸುವುದರೊಳಗೆ ಎಂಜಿನ್ ಕಟಕಟ ಎನ್ನತೊಡಗಿತು.

ಮೆಕ್ಯಾನಿಕ್ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿದರು. ಕಳಚಿ ಬಂದ ಜಿಡ್ಡು ಆಯಿಲ್ ಸೋಸುವ ಜಾಲರಿಗೆ ಮೆತ್ತಿ, ಆಯಿಲ್ ಮೇಲೇರದಂತೆ ಮಾಡಿತ್ತು. ಅದನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ, ನನ್ನನ್ನು ನೋಡಿದರು. ನೋಡಿದರೋ, ನನಗೆ ಹಾಗೆನಿಸಿತೋ, ಈಗ ಖಚಿತವಿಲ್ಲ.

"ಯಾರರ ಏನರ ಸುರುವ್ಯಾರೇನು ಮೇಸ್ತ್ರಿ?" ಅಣ್ಣ ಕೇಳಿದ.

"ಲೇ ತಮ್ಮಾ, ನಾಕು ವರ್ಸ ಮಲಗಿದ್ದ ಗಾಡಿ. ಎದ್ದ ಕೂಡ್ಲೆ ಒಂದೀಟು ಕೆಮ್ಮಬಾರ್ದೇನು?" ಎಂದು ಅವರು ಅಣ್ಣನಿಗೆ ಹೇಳಿದರು.

ಮರುದಿನ ನಾನೊಬ್ಬನೇ ಹೋದಾಗ ಅವರು ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ: "ನಿಮ್ಮ ಔಷಧಿ ಛಲೋನಾ ಐತ್ರಿ ಸರ. ಇನ್ನೊಂದು ಬಾಟ್ಲಿ ತರ್ರಿ. ಹೊಸ ಆಯಿಲ್‌ನಾಗ ಈಟೀಟು ಹಾಕಿ, ಹತ್ತು ನಿಮಿಷಕ್ಕ ಆ ಆಯಿಲ್ ಇಳಿಸಿ ಚೆಲ್ಲೋಣು."

ಜಾಲರಿ ತೊಳೆದು, ಹಾಗೆ ಮೂರು ಸಲ ಮಾಡಿದರು. ಸದ್ದು ನಿಂತಿತು. ಅಣ್ಣ ಆ ಜೀಪನ್ನು ಐದಾರು ವರ್ಷ ಕೂಡ್ಲಿಗಿ ರಸ್ತೆಯಲ್ಲಿ ಓಡಿಸಿದ. ನಾನು ಮಾಡಿದ್ದನ್ನು ಅವನಿಗೆ ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.