ಕರುಗಲ್ಲು ನೆಟ್ಟವರ ಹೆಸರು

ಮೈಮೇಲೆ ಬರುವುದು, ಸತ್ತವರು ಬಂದು ನುಡಿಸುವುದು, ಇವೆಲ್ಲ ಕೆಲಸವಿಲ್ಲದವರ ಮಾತು ಎಂದು ನಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ನಗು ಬರುವುದಿಲ್ಲ, ನಾಚಿಕೆ ಬರುತ್ತದೆ.

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ, ಕೆ.ಆರ್. ಪೇಟೆ ಕಡೆಯ ಹೇಮಾವತಿ ದಂಡೆಯ ಊರುಗಳು ಹೇಗೆ ಕಟ್ಟಿಕೊಂಡವು ಎಂದು ಪುಸ್ತಕ ಬರೆಯಲು ಹೊರಟೆ. ಅಕ್ಕಿಹೆಬ್ಬಾಳಿನ ಆಚೆಯ ಒಂದು ಹಳ್ಳಿಯಲ್ಲಿ ಕಮ್ಮಾರರ ಮನೆಯ ಸಣ್ಣಮ್ಮಜ್ಜಿ ನನ್ನನ್ನು ಕೂರಿಸಿ ಕಾಫಿ ಕೊಟ್ಟರು. "ಊರು ಕಟ್ದಾಗ ಕರುಗಲ್ಲು ನೆಟ್ಟೋರು ನಮ್ಮೋರು ಕಣೇಳಿ ಮೇಷ್ಟ್ರೇ. ಅದ್ಕೇ ಮೊದಲ್ನೇ ಪೂಜೆ ಇವತ್ಗೂ ನಮ್ದೇಯ. ಅವ್ರ ಎಸ್ರು ಏಳ್ತೀನಿ, ಬರ್ಕಳಿ," ಎಂದರು. ಕರುಗಲ್ಲೆಂದರೆ ನಮ್ಮ ಕಡೆ ಊರು ಹುಟ್ಟಿದ ದಿನ ನಡುಬೀದಿಯಲ್ಲಿ ನೆಡುವ ಕಲ್ಲು.

ನಾನು ಪೆನ್ನು ಮುಚ್ಚಿದೆ. ಶಾಸನವಿಲ್ಲದ ಮಾತನ್ನು ಬರೆಯಲಾಗುವುದಿಲ್ಲ ಎಂದು, ಹೆಸರುಗಳನ್ನು ಕೇಳಿಸಿಕೊಳ್ಳದೆಯೇ ಎದ್ದೆ. ನಿಜ ಹೇಳಬೇಕೆಂದರೆ, ಆ ಊರು ಕಟ್ಟಿದವರು ನನ್ನ ತಾಯಿಯ ಕಡೆಯ ಗೌಡರ ಮನೆಯವರೆಂದು ಅಷ್ಟರಲ್ಲಾಗಲೇ ಬರೆದಿಟ್ಟಿದ್ದೆ. ಅವರಿಗೂ ಶಾಸನವಿರಲಿಲ್ಲ.

ಪುಸ್ತಕ ಅಚ್ಚಾದ ಮೇಲೆ ಗೌಡರ ಮನೆಗೆ ಪ್ರತಿ ಕೊಡಲು ಹೋದೆ. ನೆತ್ತಿ ಸುಡುವ ಬಿಸಿಲು. ಅಜ್ಜಿ ಬೀದಿಯಲ್ಲೇ ಅಡ್ಡ ಬಂದರು. ಓದು ಬಾರದವರು. "ನಮ್ಮೋರ್ದು ಎಲ್ಲೈತೆ, ಅದೊಂದು ಓದ್ಬುಡಿ."

ಅವರ ಮನೆಯವರ ಹೆಸರು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಯಾವುದೋ ಪುಟ ತೆರೆದೆ. ಅದರಲ್ಲಿದ್ದದ್ದು ಕಾಲುವೆಯ ಸಂಗತಿ. ಬಾಯಿಗೆ ಬಂದದ್ದನ್ನು ಓದಿದಂತೆ ನಟಿಸಿ ತಪ್ಪಿಸಿಕೊಳ್ಳೋಣ ಎಂದುಕೊಂಡೆ. ಐದು ಹೆಸರು ಹೇಳಿದೆ, ಒಬ್ಬರ ಮಗ ಇನ್ನೊಬ್ಬರೆಂದು, ಎಲ್ಲೂ ತಡವರಿಸದೆ. ದನಿ ನನ್ನದೇ. ಮುಂದಿನ ಹೆಸರು ಯಾವುದೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಅಜ್ಜಿಯ ಕಣ್ಣಲ್ಲಿ ನೀರು. "ಒಂದೂ ತಪ್ಪಿಲ್ಲ. ಆ ಮೂರ್ನೇ ಎಸ್ರ ನಮ್ಮನೇಲಿ ಯಾರೂ ಬಾಯ್ಬುಟ್ಟು ಆಡಾಕಿಲ್ಲ. ಅವತ್ತು ನಾನೂ ಅದೊಂದ ಬುಟ್ಟೇ ಏಳ್ತಿದ್ದೆ. ನಿಮ್ಗೆ ಯಾರೇಳುದ್ರು?"

ಪುಸ್ತಕವನ್ನು ಅವರ ಕೈಗಿಟ್ಟು, ಕಳ್ಳನ ಹಾಗೆ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಬರೆದುಕೊಳ್ಳಲು ಕೂತರೆ ಒಂದು ಹೆಸರೂ ನೆನಪಿಗೆ ಬರಲಿಲ್ಲ. ಅದು ಹೇಗಾಯಿತೋ ಇವತ್ತಿಗೂ ತಿಳಿಯದು.

ಎರಡನೆಯ ಮುದ್ರಣದಲ್ಲಾದರೂ ತಪ್ಪು ತಿದ್ದೋಣವೆಂದು ಹೋದ ತಿಂಗಳು ಮತ್ತೆ ಹೋದೆ. ಆ ಹೆಸರುಗಳನ್ನು ನೀವೇ ಹೇಳಿ, ಬರೆದುಕೊಳ್ಳುತ್ತೇನೆ ಎಂದು ಕೇಳಿದೆ. ಅಜ್ಜಿಗೆ ಈಗ ಮರೆವು. ಎದ್ದು ಹೋಗಿ ದೇವರ ಗೂಡಿನಿಂದ ಪುಸ್ತಕ ತಂದರು. ರಟ್ಟಿಗೆ ಹತ್ತಿದ್ದ ಕುಂಕುಮವನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು.

"ನಂಗೀಗ ನೆಪ್ಪಿಲ್ಲ ಮೇಷ್ಟ್ರೇ. ಅದ್ಕೇನಂತೆ, ನೀವೇ ಬರ್ದಿದ್ದೀರಲ್ಲ, ಓದ್ಕಳಿ."