ನಾನು ತಿರುಚಿದ ಎರಡು ಮಾತು

ಇಮ್ತಿಯಾಜನ ಬಗ್ಗೆ ಎಸ್ತೆಬಾನ್ ಆಡಿದ ಮಾತನ್ನು ನಾನು ಬೇಕೆಂದೇ ತಿರುಚಿ ಹೇಳಿದೆ. ಭಾಷೆ ಬಾರದೆ ಆದ ತಪ್ಪಲ್ಲ ಅದು. ಸ್ಪ್ಯಾನಿಶ್ ನನಗೆ ಚೆನ್ನಾಗಿಯೇ ಬರುತ್ತಿತ್ತು — ಬೆಂಗಳೂರಿನಲ್ಲಿ ಕಲಿತಿದ್ದೆ, ಐರ್ಲೆಂಡಿನ ಕಾರ್ಕ್‌ನಲ್ಲಿ ದಿನವಿಡೀ ಫೋನಿನಲ್ಲಿ ಸ್ಪೇನಿನ ಗಿರಾಕಿಗಳಿಗೆ ಉತ್ತರ ಕೊಡುವುದೇ ನನ್ನ ಕೆಲಸವಾಗಿತ್ತು. ಹತ್ತು ವರ್ಷ ಈ ಸಂಗತಿ ನನ್ನೊಬ್ಬಳಿಗೇ ಗೊತ್ತಿತ್ತು. ಈಗ ಇಮ್ತಿಯಾಜನಿಗೂ ಗೊತ್ತು. ಓದುವ ನಿಮಗೂ ಗೊತ್ತಾಗಲಿ.

ಇಮ್ತಿಯಾಜ್ ಗದಗಿನವನು. ಅವನ ತಂದೆ ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಮೊಹರಂ ಬಂತೆಂದರೆ ಓಣಿಯ ಹಲಗೆ ಬಾರಿಸುವವರ ಹಿಂದೆ ಇವನು ಊರೆಲ್ಲ ಸುತ್ತುತ್ತಿದ್ದನಂತೆ. ಆರ್ಕೆಸ್ಟ್ರಾದವರೊಬ್ಬರು ಮೂಲೆಗೆ ಹಾಕಿದ್ದ ಗಿಟಾರನ್ನು ಬೇಡಿ ತಂದು, ಸಿನಿಮಾ ಹಾಡುಗಳಿಂದ ಶುರು ಮಾಡಿದವನು. ನಾವಿಬ್ಬರೂ ಕಾರ್ಕ್‌ಗೆ ಎಂ.ಎಸ್‌ಸಿ. ಓದಲು ಬಂದದ್ದು ಒಂದೇ ವರ್ಷ. ಒಂದು ಶನಿವಾರ ಊರೊಳಗಿನ ಕೆಫೆಯೊಂದರಲ್ಲಿ ಸ್ಪೇನಿನ ಹುಡುಗಿಯೊಬ್ಬಳು ಗಿಟಾರಿನಲ್ಲಿ ತನ್ನ ನಾಡಿನ ಫ್ಲಮೆಂಕೊ ಸಂಗೀತ ನುಡಿಸುತ್ತಿದ್ದಳು. ಇಮ್ತಿಯಾಜ್ ತಟ್ಟೆಗೆ ಕೈ ಹಾಕದೆ ಕೂತುಬಿಟ್ಟ.

"ಸುಜಾತಾ, ಇದು ನಮ್ಮೂರ ಹಲಗಿ ಇದ್ದಂಗ ಐತಲ್ಲ!" ಅಂದ.

ಮುಂದಿನ ವಾರವೇ ಇಬ್ಬರೂ ಆ ಹುಡುಗಿಯ ಹತ್ತಿರ ಪಾಠಕ್ಕೆ ಸೇರಿದೆವು. ನಾನು ಶ್ರದ್ಧೆಯವಳು. ಪಾಠ ತಪ್ಪಿಸಲಿಲ್ಲ, ಬೆರಳಿನ ಅಭ್ಯಾಸ ಬಿಡಲಿಲ್ಲ. ಒಂದು ಸ್ವರವೂ ಮಸುಕಾಗದಂತೆ ನುಡಿಸುತ್ತಿದ್ದೆ. ಅವನೋ ಅಲ್ಲಲ್ಲಿ ಸ್ವರ ನುಂಗುತ್ತಿದ್ದ, ಪಾಠ ಮರೆಯುತ್ತಿದ್ದ. ಆದರೆ ಫ್ಲಮೆಂಕೊದ ಆ ಹನ್ನೆರಡು ಎಣಿಕೆಯ ತಾಳವಿದೆಯಲ್ಲ, ಅದು ಅವನ ಮೈಯಲ್ಲೇ ಇತ್ತು. ನಾನು ಎಣಿಸುತ್ತಿದ್ದೆ. ಅವನು ಎಣಿಸುತ್ತಿರಲಿಲ್ಲ. ಈ ವ್ಯತ್ಯಾಸ ನನಗೆ ಬಹಳ ಬೇಗ ತಿಳಿಯಿತು, ಮತ್ತು ತಿಳಿದಾಗಿನಿಂದ — ಹೇಗೆ ಹೇಳಲಿ — ಅವನು ಚೆನ್ನಾಗಿ ನುಡಿಸಿದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಓದು ಮುಗಿದು ಇಬ್ಬರಿಗೂ ಅಲ್ಲೇ ಕೆಲಸ ಸಿಕ್ಕಿದ ವರ್ಷ, ಎಸ್ತೆಬಾನ್ ಎಂಬ ಹಿರಿಯ ಗಿಟಾರ್ ವಾದಕ ಎರಡು ದಿನದ ಶಿಬಿರಕ್ಕೆಂದು ಸ್ಪೇನಿನಿಂದ ಬಂದರು. ಅವರಿಗೆ ಇಂಗ್ಲಿಷ್ ಬಾರದು. ನಮ್ಮ ಟೀಚರಿಗೆ ಜ್ವರ. ಹಾಗಾಗಿ ಅವರ ಮಾತನ್ನು ಎಲ್ಲರಿಗೂ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕೊನೆಯ ದಿನ ಅವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದರು. ನನ್ನದು ಮುಗಿದಾಗ "ಬೆರಳು ಶುದ್ಧವಾಗಿದೆ" ಅಂದರು. ಅಷ್ಟೇ. ಇನ್ನೇನಾದರೂ ಹೇಳುತ್ತಾರೆಂದು ಕಾದೆ. ಅವರು ಆಗಲೇ ಇಮ್ತಿಯಾಜನ ಕಡೆ ತಿರುಗಿದ್ದರು.

ಅವನು ನುಡಿಸಿದ್ದು ಸೋಲೆಯಾ — ನಿಧಾನವಾದ, ಒಂಟಿತನದ ರಾಗದಂಥದ್ದು. ನಡುವೆ ಎರಡು ಕಡೆ ತಪ್ಪಿದ. ಎಸ್ತೆಬಾನ್ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ. ಆಮೇಲೆ ನನಗೆ ಹೇಳಿದರು: "ಈ ಹುಡುಗನನ್ನು ನನ್ನ ಹತ್ತಿರ ಕಳಿಸು. ಒಂದು ವರ್ಷ ನಮ್ಮ ಮನೆಯಲ್ಲೇ ಇರಲಿ. ಇವನಿಗೆ ಕಲಿಸಬೇಕಾದ್ದು ಬಹಳವಿಲ್ಲ, ಕೆಡದಂತೆ ನೋಡಿಕೊಂಡರೆ ಸಾಕು."

"ಏನಂದ್ರು? ಖರೇ ಹೇಳು," ಅಂದ ಇಮ್ತಿಯಾಜ್. ಅವನ ಹಣೆಯಲ್ಲಿ ಬೆವರಿತ್ತು.

"ನಿನ್ನ ಬಲಗೈ ಸರಿಯಿಲ್ವಂತೆ," ಅಂದೆ. "ಮೊದಲಿಂದ ಶುರು ಮಾಡ್ಬೇಕಂತೆ. ಅದೂ... ಈ ವಯಸ್ಸಿಗೆ ಕಷ್ಟ ಅಂತಾರೆ."

ಅವನು ತಲೆಯಾಡಿಸಿದ. ಎಸ್ತೆಬಾನ್ ಕೇಳಿದರು, "ಏನಂತಾನೆ? ಬರುತ್ತಾನಂತಾ?" ನಾನು ಸ್ಪ್ಯಾನಿಶಿನಲ್ಲಿ, ಒಂದು ಕ್ಷಣವೂ ತಡವರಿಸದೆ, "ಮನೆಯ ಜವಾಬ್ದಾರಿ ಇದೆಯಂತೆ, ಬರಲಾಗದಂತೆ" ಅಂದೆ.

ಎಸ್ತೆಬಾನ್ ಎದ್ದು ಅವನ ಭುಜ ತಟ್ಟಿದರು. ಇವನು ಬಗ್ಗಿ ಕೈಮುಗಿದ. ಒಬ್ಬರ ಬೇಸರ ಇನ್ನೊಬ್ಬರಿಗೆ ಏನೆಂದು ತಿಳಿಯದೆ ಇಬ್ಬರೂ ನಕ್ಕರು. ಅವರ ನಡುವೆ ನಾನು ನಿಂತಿದ್ದೆ — ನಾನೂ ನಕ್ಕಿದ್ದೆ.

ಇಮ್ತಿಯಾಜ್ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟವನು ಎರಡು ವರ್ಷ ತೆಗೆಯಲಿಲ್ಲ. ನನಗೂ ಅದರ ಮೇಲಿನ ಆಸೆ ಹೊರಟುಹೋಯಿತು. ನುಡಿಸಲು ಕೂತರೆ ಆ ಶುದ್ಧವಾದ ಬೆರಳುಗಳನ್ನು ನೋಡಲಾಗುತ್ತಿರಲಿಲ್ಲ. ನಮ್ಮ ಸ್ನೇಹ ಮಾತ್ರ ಉಳಿಯಿತು. ಅವನು ಶಬಾನಾಳನ್ನು ಮದುವೆಯಾದ, ಔಷಧ ಕಾರ್ಖಾನೆಯ ಕೆಲಸ ಖಾಯಂ ಆಯಿತು, ಮಗಳು ಜೋಯಾ ಹುಟ್ಟಿದಳು. ಅತ್ತು ನಿದ್ದೆ ಮಾಡದ ಮಗುವಿಗೆಂದು ಅವನು ಮತ್ತೆ ಗಿಟಾರ್ ಹೊರತೆಗೆದ. ಈ ಸಲ ಯಾರ ಹತ್ತಿರವೂ ಹೋಗಲಿಲ್ಲ. ಗಿಟಾರಿನ ಮೈಮೇಲೆ ಹಲಗೆಯ ಪೆಟ್ಟು ತಂದ. ತಂದೆಯ ಕ್ಲಾರಿನೆಟ್ಟು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಿದ್ದ ರೀತಿಯನ್ನು ತಂತಿಯ ಮೇಲೆ ಹುಡುಕಿದ. ವರ್ಷಗಟ್ಟಲೆ ಹುಡುಕಿದ. ಪ್ರತಿ ಸಲ ಶುರು ಮಾಡುವ ಮೊದಲು ಬಲಗೈ ಮಣಿಕಟ್ಟನ್ನು ಒಮ್ಮೆ ಅನುಮಾನದಿಂದ ನೋಡಿಕೊಳ್ಳುತ್ತಿದ್ದ. ನಾನು ಬೇರೆ ಕಡೆ ನೋಡುತ್ತಿದ್ದೆ.

ಆಮೇಲೆ ಕೊರೊನಾ ಬಂತು. ನಾವಿಬ್ಬರೂ ಇರುವುದು ಕಾರ್ಕ್ ಅಂಚಿನ ಬಡಾವಣೆಯಾದ ಡಗ್ಲಸ್‌ನಲ್ಲೇ, ನಡೆದರೆ ಹತ್ತು ನಿಮಿಷ. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅವನು ಕಾರಿನಲ್ಲಿ ಕಂಪನಿಯ ಪತ್ರ ಇಟ್ಟುಕೊಂಡು ದಿನಾ ಕಾರ್ಖಾನೆಗೆ ಹೋಗುತ್ತಿದ್ದ. ಭಾನುವಾರ ಮಧ್ಯಾಹ್ನ ಮನೆ ಮುಂದಿನ ಹುಲ್ಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನುಡಿಸುತ್ತಿದ್ದ. ಅಕ್ಕಪಕ್ಕದವರು ತಮ್ಮ ತಮ್ಮ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ಇನ್ನೂ ಶುರುವಾಗಲಿಲ್ಲವಾ ಎಂದು ನಾನು ಕೇಳಿದರೆ ಜೋಯಾ ಅಪ್ಪಟ ಕಾರ್ಕ್ ದನಿಯಲ್ಲಿ, "ಹೀ ಈಸ್ ಗ್ರ್ಯಾಂಡ್, ಆಂಟಿ, ಜಸ್ಟ್ ಟ್ಯೂನಿಂಗ್" ಅನ್ನುತ್ತಿದ್ದಳು — ಅಲ್ಲಿಯವರ ಮಾತಿನಲ್ಲಿ ಗ್ರ್ಯಾಂಡ್ ಅಂದರೆ ಎಲ್ಲ ಸರಿಯಿದೆ ಎಂದಷ್ಟೇ.

ಇಮ್ತಿಯಾಜನ ಎದುರು ಮನೆಯ ನೋರಾಳ ಗಂಡ ಆ ವಸಂತದಲ್ಲಿ ತೀರಿಕೊಂಡರು. ಚರ್ಚಿಗೆ ಹತ್ತೇ ಜನ ಹೋಗಬಹುದಿತ್ತು. ಉಳಿದವರೆಲ್ಲ ದೂರ ದೂರ ರಸ್ತೆಬದಿಯಲ್ಲಿ ಸಾಲಾಗಿ ನಿಂತೆವು. ಶವದ ಕಾರು ನಿಧಾನವಾಗಿ ಬಂದಾಗ ಇಮ್ತಿಯಾಜ್ ತನ್ನ ಗೇಟಿನಲ್ಲಿ ಕೂತು ಸೋಲೆಯಾ ನುಡಿಸಿದ. ಕಾರು ನಿಂತಿತು. ನಿಲ್ಲಿಸೆಂದು ನೋರಾಳೇ ಹೇಳಿದ್ದಳಂತೆ. ಅವನು ಮುಗಿಸಿದ ಮೇಲೆಯೇ ಅದು ಹೊರಟಿತು.

ಕೆಲವು ದಿನದ ನಂತರ ನೋರಾ ತನ್ನ ಗೇಟಿನಿಂದಲೇ ಅವನಿಗೆ, "ನಿನಗೆ ಕಲಿಸಿದವರನ್ನು ದೇವರು ಚೆನ್ನಾಗಿಟ್ಟಿರಲಿ" ಅಂದಳು. ನಾನು ಅಲ್ಲೇ ಇದ್ದೆ. ಇಮ್ತಿಯಾಜ್ ನಾಚಿಕೊಂಡು, "ಯಾರೂ ಕಲಿಸಲಿಲ್ಲ. ದೊಡ್ಡವರೊಬ್ಬರು ಕೇಳಿದ್ದರು, ನನ್ನ ಬಲಗೈ ಸರಿಯಿಲ್ಲ ಅಂದರು" ಅಂದ. ದೂರಿನ ದನಿಯೇ ಇರಲಿಲ್ಲ. ತನ್ನ ಎತ್ತರ ಇಷ್ಟು ಎಂದು ಹೇಳಿದಷ್ಟು ಸಹಜವಾಗಿ ಹೇಳಿದ.

ನೋರಾ ಒಳಗೆ ಹೋಗುವವರೆಗೆ ಕಾದೆ.

"ಇಮ್ತಿ, ಎಸ್ತೆಬಾನ್ ನಿನ್ನ ಕೈ ಬಗ್ಗೆ ಏನೂ ಹೇಳ್ಲಿಲ್ಲ. ಅದು ನಾನು ಹೇಳಿದ್ದು. ಅವ್ರು ನಿನ್ನ ಸ್ಪೇನಿಗೆ ಕರೆದ್ರು. ಅವ್ರ ಮನೇಲಿ ಇಟ್ಕೊಂಡು ಕಲಿಸ್ತೀನಿ ಅಂದ್ರು. ನೀನು ಬರಲ್ಲ ಅಂತ ಅವರಿಗೆ ಹೇಳಿದ್ದೂ ನಾನೇ."

ನಮ್ಮ ನಡುವೆ ಎರಡು ಮೀಟರ್ ಇತ್ತು. ಅವನು ತನ್ನ ಬಲಗೈ ಮಣಿಕಟ್ಟನ್ನು ನೋಡಿಕೊಂಡ.

"ಯಾಕ?"

"ಹೊಟ್ಟೆಕಿಚ್ಚು."

"ನೀ ಈಗ ಮನಿಗೆ ಹೋಗು, ಸುಜಾತಾ," ಅಂದ. ಬಾಗಿಲನ್ನು ಮೆಲ್ಲಗೆ ಹಾಕಿಕೊಂಡ. ಜೋರಾಗಿ ಹಾಕಿದ್ದರೆ —

ನಮ್ಮ ಹಳೆಯ ಟೀಚರನ್ನು ವಿಚಾರಿಸಿ ಎಸ್ತೆಬಾನ್ ವಿಳಾಸ ಪಡೆದು, ನಡೆದದ್ದನ್ನೆಲ್ಲ ಅವರಿಗೆ ಬರೆದೆ. ಉತ್ತರ ಬರೆದದ್ದು ಅವರ ಮಗಳು. ಅಪ್ಪನಿಗೆ ಈಗ ನುಡಿಸಲಾಗುವುದಿಲ್ಲ, ಕಿವಿ ಮಾತ್ರ ಚುರುಕು, ಆ ಹುಡುಗ ನೆನಪಿದ್ದಾನಂತೆ ಎಂದಿದ್ದಳು. ಅವಳ ನಂಬರನ್ನು ಇಮ್ತಿಯಾಜನಿಗೆ ಕಳಿಸಿದೆ: "ಮಗಳಿಗೆ ಇಂಗ್ಲಿಷ್ ಬರುತ್ತೆ. ಮಧ್ಯದಲ್ಲಿ ನಾನು ಬೇಕಾಗಿಲ್ಲ." ಅವನು ಉತ್ತರಿಸಲಿಲ್ಲ. ಎರಡು ತಿಂಗಳಾದ ಮೇಲೆ ಶಬಾನಾ ಫೋನ್ ಮಾಡಿ, "ಪ್ರತಿ ಗುರುವಾರ ವಿಡಿಯೋದಾಗ ಪಾಠ ನಡದೈತ್ರೀ ಅಕ್ಕಾ. ಅಜ್ಜಾರು ಭಾಳ ಬೈತಾರ, ಇವರು ಭಾಳ ಖುಷಿ ಅದಾರ" ಅಂದಳು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ.

ಸ್ಪೇನಿಗೆ ಹೋಗದಿದ್ದರಿಂದಲೇ ಅವನಿಗೆ ಅವನದೇ ಸಂಗೀತ ಸಿಕ್ಕಿತು ಎಂದು ಒಬ್ಬ ಗೆಳತಿ ನನ್ನನ್ನು ಸಮಾಧಾನ ಮಾಡಿದಳು. ಆ ಸಮಾಧಾನ ನನಗೆ ಬೇಡ. ಅವನು ಕಂಡುಕೊಂಡದ್ದು ಅವನ ಕೆಲಸ. ನಾನು ಕಸಿದದ್ದು ನನ್ನ ಕೆಲಸ.

ಇದನ್ನು ಬರೆದು ಮೊದಲು ಅವನಿಗೇ ಕೊಟ್ಟೆ. ಬಾಗಿಲು ಹಾಕಿಕೊಂಡ ಆ ದಿನದಿಂದ ಒಂದು ವರ್ಷ ಬಾರದವನು ನಮ್ಮ ಮನೆಗೆ ಬಂದು, ಚಹಾ ಕುಡಿಯುತ್ತ ಪೂರ್ತಿ ಓದಿದ.

"ಒಂದು ಬಿಟ್ಟೀದಿ," ಅಂದ. "ಆ ಎರಡು ವರ್ಷದಾಗ ಅಪ್ಪಾಜಿ ಆರಾಮ ಇರಲಿಲ್ಲ. ಫೋನಿನ್ಯಾಗ ಒಂದೀಟು ಬಾರ್ಸಪಾ ಅಂದ್ರು. ತಂತಿ ಹರದಾವು ಅಂತ ಸುಳ್ಳು ಹೇಳಿದೆ. ಆಮ್ಯಾಲ ಅವರು ಉಳಿಲಿಲ್ಲ. ಅದನ್ನೂ ಬರಿ."

ಬರೆದಿದ್ದೇನೆ. ಕ್ಷಮಿಸಿದೆಯಾ ಎಂದು ಕೇಳಲಿಲ್ಲ, ಅವನೂ ಹೇಳಲಿಲ್ಲ. ವಿಮಾನಗಳು ಮತ್ತೆ ಶುರುವಾಗಿವೆ. ಮುಂದಿನ ತಿಂಗಳು ಆರು ವಾರ ರಜೆ ಹಾಕಿ ಎಸ್ತೆಬಾನ್ ಮನೆಗೆ ಹೊರಟಿದ್ದಾನೆ. "ಏರ್‌ಪೋರ್ಟಿಗೆ ನೀನ ಬಿಡಾಕ ಬಾ" ಅಂದಿದ್ದಾನೆ, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ. ದಾರಿಯಲ್ಲಿ ಅವನು ಏನು ಕೇಳುತ್ತಾನೋ ತಿಳಿಯದು. ಏನೇ ಕೇಳಲಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.