ನೀಲಕ್ಕನ ಎರಡು ಸೀಟಿ

ಹಳಿಯಾಳದಿಂದ ದಾಂಡೇಲಿಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ನೀಲಕ್ಕ ಇಪ್ಪತ್ತೆರಡು ದಿನದಿಂದ ಯಾರಿಗೂ ಬೈದಿರಲಿಲ್ಲ! ಆ ರೂಟಿನವರಿಗೆ ಇದು ದೊಡ್ಡ ಸುದ್ದಿ. ಹದಿನಾಲ್ಕು ವರ್ಷ ಅವಳ ದನಿಗೇ ಹೆದರಿ ಜನ ಫುಟ್‌ಬೋರ್ಡಿನಿಂದ ಒಳಗೆ ಸರಿಯುತ್ತಿದ್ದರು. ಆಮೇಲೆ ಬಿಪಿ ಬಂತು. "ಗುಳಿಗಿ ನಾ ಕೊಡ್ತೇನಿ, ಸಿಟ್ಟು ನೀವು ಬಿಡ್ರಿ" ಅಂದರು ಡಾಕ್ಟರು. ಅಂದಿನಿಂದ ತಲೆ ಬಿಸಿಯಾದಾಗೆಲ್ಲ ನೀಲಕ್ಕ ತನ್ನನ್ನೇ ಕೇಳಿಕೊಳ್ಳುತ್ತಾಳೆ: ಈಗ ನನ್ನಿಂದ ಏನು ಆಗತೈತಿ? ಆಧಾರ್ ಕಾರ್ಡು ಮರೆತು ಬಂದವಳಿಗೆ ಒಂದು ನಗು, ಚೀಲದಲ್ಲಿ ಕೋಳಿ ತಂದವನಿಗೆ ಹಿಂದಿನ ಸೀಟು. ನಡೆಯಿತು, ನಿಜವಾಗಿಯೂ ನಡೆಯಿತು!

ಡ್ರೈವರ್ ಸುಭಾಸ ಮಾತ್ರ ನಂಬಿರಲಿಲ್ಲ. "ಕಬ್ಬಿನ ಸೀಸನ್ ಬರ್ಲಿ ಅಕ್ಕಾರ, ಆವಾಗ ನೋಡೂಣು."

ಸೀಸನ್ ಬಂದೇಬಿಟ್ಟಿತು. ಅವತ್ತು ಬಸ್ಸು ತುಂಬಿ ತುಳುಕುತ್ತಿತ್ತು. ಬಾಗಿಲ ಹತ್ತಿರ ಬಿಎಸ್ಸಿ ಹುಡುಗಿ ಶಾಹೀನ ರೆಕಾರ್ಡ್ ಬುಕ್ಕನ್ನು ಎದೆಗವಚಿಕೊಂಡು ನಿಂತಿದ್ದಳು. ಹತ್ತಕ್ಕೆ ಪ್ರಾಕ್ಟಿಕಲ್ ಪರೀಕ್ಷೆ.

"ಹತ್ತು ಹೊಡದ ಮ್ಯಾಲೆ ಒಳಗ ಬಿಡಂಗಿಲ್ಲಂತ್ರಿ ಅಕ್ಕಾ. ತಪ್ಪಿತಂದ್ರ ವರ್ಷಾನ ಹೋತು."

"ಹೋಗಂಗಿಲ್ಲವಾ, ಸುಮ್ನ ನಿಂದ್ರು."

ಹಾಗೆಂದಳೋ ಇಲ್ಲವೋ, ಬ್ರೇಕು! ತಿರುವಿನಲ್ಲಿ ಒಂದು ಟ್ರ್ಯಾಕ್ಟರಿನ ಹಗ್ಗ ಹರಿದು ಟ್ರೇಲರಿನ ಕಬ್ಬೆಲ್ಲ ರಸ್ತೆಯ ಮೇಲೆ! ಗಂಟೆ ಒಂಬತ್ತೂ ಇಪ್ಪತ್ತು. ದಾಂಡೇಲಿಗೆ ಇನ್ನೂ ಇಪ್ಪತ್ತು ನಿಮಿಷದ ದಾರಿ. ಟ್ರ್ಯಾಕ್ಟರಿನ ಶಂಕ್ರಪ್ಪ ತಲೆ ಕೆರೆದುಕೊಳ್ಳುತ್ತ ನಿಂತಿದ್ದ. ನೀಲಕ್ಕನ ಮುಖ ಕೆಂಪಾಯಿತು, ಬಾಯಿ ತೆರೆಯಿತು.

ಸುಭಾಸ ಕಿಟಕಿಯಿಂದ ಇಣುಕಿದ. "ಬೈರಿ ಅಕ್ಕಾರ, ಬೈರಿ! ಇವತ್ತ ಬೈದ್ರ ಯಾರೂ ಏನೂ ಅನ್ನಂಗಿಲ್ಲ."

ಶಾಹೀನಳ ಕಣ್ಣು ತುಂಬಿತ್ತು. ನೀಲಕ್ಕ ಬಾಯಿ ಮುಚ್ಚಿದಳು. ಈಗ ನನ್ನಿಂದ ಏನು ಆಗತೈತಿ? ಕೊರಳಲ್ಲಿ ಸೀಟಿ ತೂಗುತ್ತಿತ್ತು.

"ಎಲ್ಲಾರೂ ಕೆಳಗ ಇಳೀರಿ! ರಸ್ತೆ ಪೂರಾ ಬ್ಯಾಡ, ನಮ್ಮ ಬಸ್ಸು ಹೋಗೂವಷ್ಟ ಸಾಕು. ಒಂದು ಸೀಟಿಗೆ ಒಂದು ಹೊರಿ!"

ಪೀ! ಹೊರೆ ಎದ್ದಿತು. ಪೀ! ಇನ್ನೊಂದು. ಅಜ್ಜಿಯರು ಬಿಡಿ ಕಬ್ಬು ಎಳೆದರು, ಗ್ಯಾರೇಜಿನ ಉಸ್ಮಾನಸಾಬ ಬಿಳಿ ಜುಬ್ಬಾದ ತೋಳು ಮೇಲೇರಿಸಿದ.

"ಏ ಶಂಕ್ರಪ್ಪ, ಹಗ್ಗ ಕಟ್ಟೂದು ಕಲೀಲಿಕ್ಕೆ ನನ್ನ ಗ್ಯಾರೇಜಿಗೆ ಬಾರಪ್ಪಾ!"

"ಮೊದ್ಲ ನಿಮ್ಮ ಜುಬ್ಬಾ ನೋಡ್ಕೋರಿ ಸಾಬ್ರ!"

ಎಲ್ಲರೂ ನಗುತ್ತಲೇ ಎತ್ತಿದರು. ಒಂಬತ್ತೂ ಮೂವತ್ತೆಂಟಕ್ಕೆ ಜನ ಮತ್ತೆ ಬಸ್ಸು ಹತ್ತಿದ್ದರು. ಚಕ್ರದ ಮುಂದೆ ಉಳಿದಿದ್ದ ಕೊನೆಯ ಹೊರೆಯನ್ನು ನೀಲಕ್ಕ ಮತ್ತು ಶಂಕ್ರಪ್ಪ ಎತ್ತಿ ಎಸೆದರು. ಆ ಖುಷಿಯಲ್ಲಿ ನೀಲಕ್ಕ ಊದಿದಳು: ಪೀ ಪೀ!

ಒಂದು ಸೀಟಿಗೆ ನಿಲ್ಲು, ಎರಡಕ್ಕೆ ಹೊರಡು. ಹದಿನಾಲ್ಕು ವರ್ಷದ ಅಭ್ಯಾಸ! ಬಸ್ಸು ಗುರ್ರೆಂದು ಹೊರಟೇಹೋಯಿತು, ಕಂಡಕ್ಟರನ್ನೇ ಬಿಟ್ಟು!

"ಅಕ್ಕಾ!" ಶಾಹೀನ ಕಿಟಕಿಯಿಂದ ಕೂಗಿದಳು. ನೀಲಕ್ಕ ಸೀಟಿಯನ್ನು ಬಾಯಿಗಿಟ್ಟಳು. ಒಂದು ಊದಿದರೆ ಸಾಕು, ನಿಲ್ಲುತ್ತದೆ. ಆದರೆ ಬಸ್ಸು ಏರು ಹತ್ತುತ್ತಿತ್ತು. ನಿಂತರೆ ಮತ್ತೆ ಎಳೆಯಲು ಹೊತ್ತು, ತಾನು ಅಲ್ಲಿಯವರೆಗೆ ಓಡಲು ಇನ್ನಷ್ಟು ಹೊತ್ತು. ಸೀಟಿ ಕೆಳಗಿಳಿಸಿದಳು. ಎರಡೂ ಕೈ ಬೀಸಿದಳು. "ನಡೀರಿ! ನಡೀರಿ!"

ಹಿಂದೆ ಬಂದ ಹಾಲಿನ ಟೆಂಪೊದಲ್ಲಿ ಅವಳು ದಾಂಡೇಲಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಹತ್ತೂ ಕಾಲು. ಸುಭಾಸ ಬಿಳಿಚಿಕೊಂಡು ನಿಂತಿದ್ದ. ಬೈಗುಳ ಕೇಳಲೆಂದೇ ಹತ್ತು ಜನ ಉಳಿದಿದ್ದರು.

"ತಪ್ಪಾತ್ರಿ ಅಕ್ಕಾರ. ಎರಡು ಸೀಟಿ ಕೇಳಿಸ್ತು, ಕಾಲು ತಾನಾ ಒತ್ತಿಬಿಡ್ತು."

"ಹುಡುಗಿ ಮುಟ್ಟಿದ್ಳೇನು?"

"ಒಂಬತ್ತೂ ಐವತ್ತೆಂಟಕ್ಕ! ಕಾಲೇಜಿನ ಗೇಟಿನ್ಯಾಗ ಇಳಿಸೇನ್ರಿ."

ನೀಲಕ್ಕ ಟೆಂಪೊಗೆ ಆತು ನಿಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇಪ್ಪತ್ತಮೂರನೇ ದಿನಾ, ಬರ್ಕೋ! ಈಗ ಚಾ ಕುಡಿಸ್ತೀಯೋ, ಎರಡು ಸೀಟಿ ಊದ್ಲೋ?"